ಕೊಳಕೂರಿನ ಟ್ರಾಮು

ಏಳು ಗಂಟೆ ಹನ್ನೆರಡು ನಿಮಿಷಕ್ಕೆ ದೌಲತರಾಯ ಡ್ರೈವರ್ ಸೀಟಿಗೆ ಹತ್ತಿ ಕೂತಾಗ ಬಸ್ಸಿನಲ್ಲಿ ಮೂವತ್ತೊಂದು ಜನರಿದ್ದರು. ಅವನ ಮಗಳು ಸಪ್ನಾ ಮಾತ್ರ ಇನ್ನೂ ಬಂದಿರಲಿಲ್ಲ. ಹೆರಿಗೆಗೆಂದು ತವರಿಗೆ ಬಂದವಳು, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಇವತ್ತು ಆಳಂದಕ್ಕೆ, ಗಂಡನ ಮನೆಗೆ ಹೊರಟಿದ್ದಳು. ಮನೆಯೇನು ದೂರವಿಲ್ಲ, ಬಸ್ಸು ನಿಲ್ಲುವ ಕಟ್ಟೆಯಿಂದ ಮೂರು ಓಣಿ. ಆರಕ್ಕೊಮ್ಮೆ, ಆರೂವರೆಗೊಮ್ಮೆ ಅವನು ಮನೆಯಲ್ಲಿ ಹೇಳಿ ಬಂದಿದ್ದ, ಏಳೂ ಹದಿನೈದಕ್ಕೆ ಬಸ್ಸಿನಲ್ಲಿ ಕೂತಿರಬೇಕು ಅಂತ. ಹೆಂಡತಿ ಗಂಗಾಬಾಯಿ ಎರಡು ಸಲವೂ ಹೂಂ ಅಂದಿದ್ದಳು. ಆ ಹೂಂ ಯಾವ ನಮೂನೆಯದೆಂದು ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ತಿಳಿಯಬೇಕಿತ್ತು.

ಬಸ್ಸು ಏಳೂ ಇಪ್ಪತ್ತಕ್ಕೆ ಕೊಳಕೂರು ಬಿಡಬೇಕು, ಎಂಟೂ ಹತ್ತಕ್ಕೆ ಜೇವರ್ಗಿ ಮುಟ್ಟಬೇಕು. ಎಂಟೂ ಹತ್ತು ಹೋಗಿ ಎಂಟೂ ಹನ್ನೊಂದಾದರೆ ನಾಳೆಯಿಂದ ಕೊಳಕೂರಿಗೆ ಬಸ್ಸೇ ಇಲ್ಲ. ಇದು ಮಾತಿಗೆ ಹೇಳಿದ್ದಲ್ಲ, ಕಾಗದದ ಮೇಲೆ ಸಹಿಯಾಗಿದ್ದ ಕರಾರು. ತೊಂಬತ್ತು ದಿನ ಬಸ್ಸನ್ನು ಓಡಿಸಿ ನೋಡುವುದು, ಅದರಲ್ಲಿ ಐದು ದಿನ ತಡವಾದರೆ ಮಾಫಿ, ಆರನೆಯ ದಿನ ತಡವಾದರೆ ಬಸ್ಸು ಬಂದ್. ಆ ಐದೂ ಮುಗಿದು ಮೂರು ವಾರವಾಗಿತ್ತು. ಇವತ್ತು ತೊಂಬತ್ತನೆಯ ದಿನ.

ಒಂದು ಬಸ್ಸಿಗೆ ಇಷ್ಟು ಕಡಕ್ ಕಾನೂನು ಯಾಕೆ ಬಂತು ಎಂದು ಕೇಳಿದರೆ, ದೌಲತರಾಯನ ಒಳ್ಳೆಯತನದ ಕಥೆಯನ್ನೇ ಹೇಳಬೇಕಾಗುತ್ತದೆ. ಒಳ್ಳೆಯತನದಿಂದಲೂ ಊರು ಹಾಳಾಗಬಹುದು ಎಂಬುದನ್ನು ಅವನಷ್ಟು ತಡವಾಗಿ ತಿಳಿದವನು ಜೇವರ್ಗಿ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಹುಟ್ಟಿದ್ದು ಕೊಳಕೂರಿನಲ್ಲೇ. ಅಪ್ಪ ಬಾಡಿಗೆಗೆ ಬಂಡಿ ಹೊಡೆಯುತ್ತಿದ್ದ. ಮಗ ಹತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಅಫಜಲಪುರದ ಒಬ್ಬ ಉಸ್ತಾದನ ಕೈಕೆಳಗೆ ಹತ್ತಿ ಸಾಗಿಸುವ ಲಾರಿಯಲ್ಲಿ ಸ್ಟೇರಿಂಗ್ ಹಿಡಿಯಲು ಕಲಿತ. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಸರಕಾರಿ ಬಸ್ಸಿನ ನೌಕರಿ ಸಿಕ್ಕಿತು. ಎಲ್ಲೆಲ್ಲೋ ಓಡಿಸಿ, ಕೊನೆಗೆ ಕೊಳಕೂರಿನ ವಸ್ತಿ ಬಸ್ಸು ಅವನ ಪಾಲಿಗೆ ಬಂತು. ವಸ್ತಿ ಬಸ್ಸೆಂದರೆ ಸಂಜೆ ಊರಿಗೆ ಬಂದು, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಮರಳುವ ಬಸ್ಸು. ಸ್ವಂತ ಊರು, ಸ್ವಂತ ಮನೆಯ ಊಟ, ಊರ ಕಟ್ಟೆಯಲ್ಲೇ ಸರಕಾರದ ಗಾಡಿ. ಅವನಿಗೆ ಜಹಗೀರು ಸಿಕ್ಕಿತೆಂದು ಜನ ನಗೆಯಾಡಿದರು, ಅವನೂ ಹಾಗೆಯೇ ನಡೆದುಕೊಂಡ.

ಹನ್ನೊಂದು ವರ್ಷದಲ್ಲಿ ಆ ಬಸ್ಸು ಯಾವ್ಯಾವ ಕಾರಣಕ್ಕೆ ನಿಲ್ಲಲಿಲ್ಲ! ಊರ ಹಿರಿಯ ಮುತ್ತೈದೆ ಗುರಮ್ಮಾಯಿಯ ಲಿಂಗಪೂಜೆ ಮುಗಿಯಲಿಲ್ಲವೆಂದು ನಿಂತಿತು. ಕಲಬುರಗಿಯ ದವಾಖಾನೆಯಲ್ಲಿದ್ದ ಯಾರಿಗೋ ರೊಟ್ಟಿ ಬುತ್ತಿ ಕಟ್ಟುವುದಿದೆಯೆಂದು ನಿಂತಿತು. ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದವರು ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದರು, ಬಸ್ಸು ಆ ಟವೆಲ್ಲುಗಳನ್ನು ಕಾಯುತ್ತ ಕೂರುತ್ತಿತ್ತು. ದೌಲತರಾಯನ ಸ್ವಂತ ಬುತ್ತಿಯೂ ಅಷ್ಟೇ, ಗಂಗಾಬಾಯಿ ರೊಟ್ಟಿ ಬಡಿದು ತರುವವರೆಗೆ ಎಂಜಿನ್ ಗುರುಗುಟ್ಟುತ್ತ ನಿಂತಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅದು ನಿಂತದ್ದು ಊರ ಹೆಣ್ಣುಮಕ್ಕಳ ಉಡಿಗೆ. ತವರಿನಿಂದ ಹೊರಟ ಮಗಳಿಗೆ ಐದು ಮಂದಿ ಮುತ್ತೈದೆಯರು ಕೂಡಿ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನಕೊಂಬು ಹಾಕಿ ಉಡಿ ತುಂಬಬೇಕು. ನಾಲ್ವರು ಬಂದು ಐದನೆಯವಳು ಬಾರದಿದ್ದರೆ ಅವಳಿಗಾಗಿ ಕಾಯಬೇಕು. ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದವಳು ಅವತ್ತು ಮತ್ತೆ ಒಳಗೆ ಕಾಲಿಡಬಾರದು. ಹಾಗಾಗಿ ಉಡಿ ತುಂಬುವತನಕ ಬಸ್ಸು ಹೊರಡುವಂತಿಲ್ಲ, ಇದು ಕೊಳಕೂರಿನ ಅಲಿಖಿತ ಕಾಯ್ದೆ. ಊರ ಮಗಳು ಕಣ್ಣೊರೆಸಿಕೊಳ್ಳುತ್ತ ಬಸ್ಸು ಹತ್ತಿದಾಗ ಮುದುಕಿಯರು ದೌಲತರಾಯನನ್ನು ಬಾಯಿ ತುಂಬ ಹರಸುತ್ತಿದ್ದರು. ಅವನ ಎದೆ ಉಬ್ಬುತ್ತಿತ್ತು.

ಎಂಟೂ ಹತ್ತಕ್ಕೆ ಜೇವರ್ಗಿಗೆ ಬರಬೇಕಾದ ಬಸ್ಸು ಎಂಟೂವರೆಗೆ ಬರುತ್ತಿತ್ತು, ಒಮ್ಮೊಮ್ಮೆ ಒಂಬತ್ತಕ್ಕೆ. ಕಲಬುರಗಿಗೆ ಹೋಗುವ ಎಂಟೂ ಇಪ್ಪತ್ತರ ಬಸ್ಸು ಅಷ್ಟೊತ್ತಿಗೆ ಎಲ್ಲಿಗೋ ಮುಟ್ಟಿರುತ್ತಿತ್ತು. ಆಮೇಲೆ ಊರಿನ ಉಸ್ಮಾನಸಾಬ ಮೂರು ಗಾಲಿಯ ಬಾಡಿಗೆ ಗಾಡಿ, ಮೊದಲ ಟಂಟಂ ತಂದ, ಅದರ ಬೆನ್ನಿಗೆ ಇನ್ನೂ ನಾಲ್ಕು ಬಂದವು. ಬಸ್ಸಿನಲ್ಲಿ ಜನ ಕಡಿಮೆಯಾದರು, ಒಂದು ದಿನ ಬಸ್ಸೂ ಬರಲಿಲ್ಲ. ಡಿಪೊದ ಸಾಹೇಬರು ಬಡವರ ಹೊಟ್ಟೆಯ ಮೇಲೆ ಹೊಡೆದರೆಂದು ದೌಲತರಾಯ ಮನೆಮನೆಗೆ ಹೋಗಿ ಅರ್ಜಿಗೆ ಸಹಿ ಹಾಕಿಸಿದ. ಸಹಿ ಹಾಕಿದವರಲ್ಲಿ ಮುಕ್ಕಾಲು ಜನ ವರ್ಷದಿಂದ ಬಸ್ಸು ಹತ್ತಿರಲಿಲ್ಲವೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಮುಂದೆ ಆರು ವರ್ಷ ಬೇರೆ ಊರುಗಳ ಬಸ್ಸು ಓಡಿಸಿ, ಮನೆಗೆ ಮಾತ್ರ ಉಸ್ಮಾನಸಾಬನ ಟಂಟಂನಲ್ಲಿ ಮೊಣಕಾಲು ಮಡಚಿಕೊಂಡು ಬಂದ.

ಮನೀಷಾ ಬಂದದ್ದು ಆಮೇಲೆ. ಅಫಜಲಪುರದ ಮಾಸ್ತರರೊಬ್ಬರ ಮಗಳು, ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಜನರ ಓಡಾಟದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಒಂದು ದಿನ ಸಮುದಾಯ ಭವನದ ಗೋಡೆಯ ಮೇಲೆ ಬಿಳಿ ಪಂಚೆ ಕಟ್ಟಿ, ಅಮೆರಿಕದ ಊರುಗಳಲ್ಲಿ ಓಡುವ ಟ್ರಾಮುಗಳ ಚಿತ್ರ ತೋರಿಸಿದಳು. ನಡುರಸ್ತೆಯಲ್ಲಿ ಎರಡು ಹಳಿ, ಅದರ ಮೇಲೆ ಗಾಜಿನ ಕಿಟಕಿಯ ಚೆಂದದ ಗಾಡಿ. ಒಂದು ಕಾಲಕ್ಕೆ ಅಲ್ಲಿನ ಊರೂರಿಗೂ ಟ್ರಾಮು ಇತ್ತಂತೆ. ಮನೆಗೊಂದು ಕಾರು ಬಂದ ಮೇಲೆ ಹಳಿಗಳನ್ನು ಕಿತ್ತರು, ಕೀಳಲಾಗದಿದ್ದಲ್ಲಿ ಮೇಲೆ ಡಾಂಬರು ಸುರಿದರು. ನಲವತ್ತು ಐವತ್ತು ವರ್ಷ ಕಳೆದು, ಅದೇ ಊರುಗಳು ಈಗ ಮತ್ತೆ ಹಳಿ ಹಾಸುತ್ತಿವೆ. ಅದೇ ರಸ್ತೆಯಲ್ಲಿ ಬಸ್ಸು ಓಡಿಸಿದರೆ ಖರ್ಚು ಕಡಿಮೆ, ಬೇಕಾದ ಕಡೆ ತಿರುಗುತ್ತದೆ, ಆದರೂ ಜನ ಟ್ರಾಮಿಗೆ ಮನಸೋಲುತ್ತಾರೆ. ಯಾಕೆ ಗೊತ್ತೇನು ಎಂದು ಮನೀಷಾ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

“ಹಳಿ ಕಣ್ಣಿಗೆ ಕಾಣಸ್ತದ್ರಿ,” ಅಂದಳು ಅವಳು. “ಬಸ್ಸು ಇವತ್ತು ಬಂದು ನಾಳಿ ಬರದಿರಬಹುದು, ಹಳಿ ಎಲ್ಲಿಗೂ ಹೋಗಂಗಿಲ್ಲ. ಹಳಿ ಅಂದ್ರ ಊರಿಗೆ ಕೊಟ್ಟ ಮಾತು.”

ನಮ್ಮೂರಲ್ಲಿ ಹಳಿ ಹಾಸಿದರೆ ಮರುದಿನವೇ ಅದು ಮೋಡಕಾ ಅಂಗಡಿಯ ಗುಜರಿ ರಾಶಿಯಲ್ಲಿರುತ್ತದೆ ಎಂದು ಹಿಂದಿನಿಂದ ಯಾರೋ ಅಂದು ಎಲ್ಲರನ್ನೂ ನಗಿಸಿದರು. ಮನೀಷಾಳೂ ನಕ್ಕಳು. ಹೊಸ ಟ್ರಾಮುಗಳಲ್ಲೂ ಕೆಲವು ಖಾಲಿ ಓಡುತ್ತವೆ, ಅಡ್ಡಡ್ಡ ನಿಲ್ಲಿಸಿದ ಒಂದು ಕಾರು ಸಾಕು ಅದನ್ನು ತಡೆಯಲು, ಪಕ್ಕಕ್ಕೆ ಸರಿದು ಹೋಗಲು ಅದಕ್ಕೆ ಬರುವುದಿಲ್ಲ ಎಂದು ಅದರ ದೋಷವನ್ನೂ ಹೇಳಿದಳು. ಆಮೇಲೆ, ನಿಮ್ಮೂರ ಬಸ್ಸು ಯಾಕೆ ಹೋಯಿತು ಎಂದು ಕೇಳಿದಳು. ದೌಲತರಾಯನೇ ಎದ್ದು ನಿಂತು ಸಾಹೇಬರ ಕಲ್ಲುಮನಸ್ಸಿನ ಬಗ್ಗೆ ಐದು ನಿಮಿಷ ಮಾತಾಡಿದ, ಜನ ತಲೆಯಾಡಿಸಿದರು. ಕೊನೆಗೆ ಹೆಂಗಸರ ಸಾಲಿನಿಂದ ಜೀನತ ಎದ್ದಳು. ಕಲಬುರಗಿಯಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸದವಳು, ಮಾತು ಕಡಿಮೆ.

“ಆ ಬಸ್ಸು ಎಲ್ಲಾರಿಗೂ ನಿಲ್ತಿತ್ತರಿ. ಅದಕ್ಕ ನಮಗ ಅದು ಸಿಗ್ತಿರಲಿಲ್ಲ,” ಅಂದಳು. “ನನ್ನ ಮೊದಲಿನ ನೌಕರಿ ಆ ಬಸ್ಸಿನಾಗ ಕುಂತಾಗ ಹೋತು.”

ಅವಳು ದೌಲತರಾಯನ ಕಡೆ ನೋಡಲಿಲ್ಲ. ನೋಡಿದ್ದರೆ ಅವನಿಗೆ ಸಿಟ್ಟಾದರೂ ಬರುತ್ತಿತ್ತು. ಮನೆಗೆ ನಡೆಯುವಾಗ ಹಳೆಯದೊಂದು ಬೆಳಗು ಅವನಿಗೆ ನೆನಪಾಯಿತು. ಯಾರದೋ ಉಡಿಗಾಗಿ ಇಪ್ಪತ್ತು ನಿಮಿಷ ನಿಂತಿದ್ದಾಗ, ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ಮತ್ತೆ ಮತ್ತೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ನಾಕು ಮಿನಿಟಿಗೆ ಪ್ರಾಣ ಹೋಗಂಗಿಲ್ಲವ್ವಾ ಎಂದು ಅವನು ನಗೆಯಾಡಿದ್ದ, ಇಡೀ ಬಸ್ಸು ನಕ್ಕಿತ್ತು. ಆ ಹುಡುಗಿ ಜೀನತ. ತನ್ನ ಬಸ್ಸನ್ನು ಕೊಂದವನು ತಾನೇ ಎಂದು ಅವನಿಗೆ ಅಂದು ತಿಳಿಯಿತು, ತಿಳಿದದ್ದೇ ನಾಚಿಕೆಯಿಂದ ಮೈ ಸಣ್ಣದಾಯಿತು.

ಮನೀಷಾ ಡಿಪೊ, ಪಂಚಾಯತಿ ಎಂದು ಓಡಾಡಿ ತೊಂಬತ್ತು ದಿನದ ಪರೀಕ್ಷೆಗೆ ಒಪ್ಪಿಗೆ ತಂದಳು. ನಮಗೆ ಹಳಿ ಇಲ್ಲ, ಹೊತ್ತೇ ಹಳಿ ಎಂದು ಎಲ್ಲರಿಗೂ ಹೇಳಿದಳು. ಒಂದೊಂದು ನಿಲ್ದಾಣದಲ್ಲೂ ಹೊತ್ತು ಬರೆದ ಕಂಬ ನೆಡಿಸಿದಳು, ಕಂಬದ ಎದುರು ರಸ್ತೆಗೆ ಎರಡು ಬಿಳಿ ಪಟ್ಟಿ ಬಳಿಸಿದಳು. ಅದನ್ನು ನೋಡಿ ಜನ ಬಸ್ಸಿಗೆ ಟ್ರಾಮು ಎಂದು ಹೆಸರಿಟ್ಟರು. ಡ್ರೈವರನ ತಲೆಯ ಮೇಲೆ ಒಂದು ಕರಿ ಡಬ್ಬಿ ಕೂತಿತು. ಬಸ್ಸು ಎಲ್ಲಿ, ಎಷ್ಟು ಹೊತ್ತಿಗೆ ಇತ್ತೆಂಬುದನ್ನು ಅದು ತಾನೇ ಬರೆದುಕೊಳ್ಳುತ್ತಿತ್ತು, ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ದೌಲತರಾಯ ಈ ಬಸ್ಸು ತನಗೇ ಬೇಕೆಂದು ಬೇಡಿ ತೆಗೆದುಕೊಂಡ.

ಮೊದಲ ತಿಂಗಳು ಅವನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಗುರಮ್ಮಾಯಿಯನ್ನು ಬಿಟ್ಟು ಬಂದ ದಿನ ಅವಳು ಕಟ್ಟೆಯ ಮೇಲೆ ನಿಂತು, ನೀ ಹುಟ್ಟುವಾಗ ನಿಮ್ಮವ್ವನಿಗೆ ಬಿಸಿನೀರು ಕಾಸಿದ ಕೈಲೇ ನಿನ್ನ ಬಸ್ಸಿಗೆ ಕಲ್ಲು ಒಗೆಯುತ್ತೇನೆ ಅಂದಳು. ಗಂಗಾಬಾಯಿಯ ಬುತ್ತಿ ತಪ್ಪಿ ಅವನು ಬರಿ ಚಹಾದಲ್ಲಿ ದಿನ ತಳ್ಳಿದ್ದು ಹದಿನೆಂಟು ಸಲ. ಮಾಫಿಯ ಐದು ದಿನಗಳನ್ನು ಒಮ್ಮೆ ಟೈರು ತಿಂದಿತು, ಎರಡು ಸಲ ಮಳೆ, ಒಮ್ಮೆ ಕುರಿಹಿಂಡು. ಐದನೆಯದು ಹಾವು ಕಡಿದವನೊಬ್ಬನಿಗಾಗಿ ಅವನೇ ಬೇಕೆಂದು ನಿಂತದ್ದು, ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಇಷ್ಟಾದರೂ ಜನ ನಿಧಾನಕ್ಕೆ ಬಸ್ಸಿಗೆ ಮರಳುತ್ತಿದ್ದರು. ಜೀನತ ಮೊದಲ ವಾರವೇ ಬಂದು ಮುಂದಿನ ಸೀಟಿನಲ್ಲಿ ಕೂತವಳು, ಒಂದು ದಿನವೂ ತಪ್ಪಿಸಿರಲಿಲ್ಲ.

ಅಂಥದರಲ್ಲಿ ತೊಂಬತ್ತನೆಯ ದಿನದ ಈ ಗುರುವಾರ ಬಂತು.

ಮಗಳನ್ನು ಬುಧವಾರ ಕಳಿಸೋಣವೆಂದು ಅವನು ಹೇಳಿದ್ದ. ಅಳಿಯ ಅರುಣಕುಮಾರನಿಗೆ ಬ್ಯಾಂಕಿನಲ್ಲಿ ರಜೆ ಸಿಕ್ಕದ್ದು ಗುರುವಾರಕ್ಕೆ. ಅವನು ಜೇವರ್ಗಿಗೆ ಬಂದು, ಅಲ್ಲಿಂದ ಎಂಟೂ ಇಪ್ಪತ್ತರ ಬಸ್ಸಿಗೆ ತಾಯಿ ಮಗುವನ್ನು ಕರೆದುಕೊಂಡು ಹೋಗುವವನಿದ್ದ. ಶುಕ್ರವಾರಕ್ಕೆ ಮುಂದೂಡೋಣವೆಂದರೆ ಗಂಗಾಬಾಯಿ ಒಪ್ಪಲಿಲ್ಲ. ಬಸವಣ್ಣನನ್ನು ನಂಬಿದ ಮನೆಯಲ್ಲಿ ವಾರ ತಿಥಿ ನೋಡುವ ಹಾಗಿಲ್ಲ, ಅದನ್ನು ಅವಳೇ ಹತ್ತು ಮಂದಿಗೆ ಹೇಳುತ್ತಾಳೆ, ಆದರೆ ಶುಕ್ರವಾರ ಮಗಳನ್ನು ಹೊರಗೆ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ಟೈಮಿನ ಮಾತು ತೆಗೆದಾಗ ಅವಳು ಒಂದೇ ಮಾತು ಅಂದಿದ್ದಳು.

“ಊರಾಗಿನ ಹೆಣ್ಮಕ್ಕಳಿಗೆಲ್ಲಾ ಹನ್ನೊಂದು ವರ್ಷ ನಿಂತೀರಿ. ನಿಮ್ಮ ಹೊಟ್ಟ್ಯಾಗ ಹುಟ್ಟಿದಾಕಿಗೆ ಎರಡು ಮಿನಿಟು ನಿಲ್ಲಂಗಿಲ್ಲೇನು?”

ಅವನು ಬಸ್ಸು ತೊಳೆಯುವ ನೆವ ತೆಗೆದು ಎದ್ದು ಹೋಗಿದ್ದ. ಉತ್ತರ ಕೊಟ್ಟು ಹೋಗಬೇಕಿತ್ತು.

ಏಳೂ ಹದಿನೈದಾಯಿತು, ಓಣಿಯ ಬಾಯಲ್ಲಿ ಯಾರೂ ಕಾಣಲಿಲ್ಲ. ಹದಿನೇಳಾಯಿತು. ಹಿಂದಿನ ಸೀಟಿನವನೊಬ್ಬ ಅವನ ಮನೆಯ ಕಡೆಯಿಂದಲೇ ಬಂದಿದ್ದ. ನಾಲ್ವರು ಮುತ್ತೈದೆಯರು ಕೂತಿದ್ದಾರೆ, ಗುರಮ್ಮಾಯಿಯ ಪೂಜೆ ಮುಗಿದಿಲ್ಲ, ಅವಳಿಗೇ ಕಾಯುತ್ತಿದ್ದಾರೆ ಎಂದು ಸುದ್ದಿ ಹೇಳಿದ. ದೌಲತರಾಯ ಓಣಿಯ ಕಡೆ ಮತ್ತೊಮ್ಮೆ ನೋಡಿದ. ಗುರಮ್ಮಾಯಿಯ ಪೂಜೆ ಎಷ್ಟು ಉದ್ದವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಎರಡು ನಿಮಿಷ ನಿಂತು, ದಾರಿಯಲ್ಲಿ ಜೋರು ಹೊಡೆದು ಸರಿಮಾಡಿಕೊಳ್ಳಬಹುದೇ ಎಂದು ಲೆಕ್ಕ ಹಾಕಿದ. ಆಗುವುದಿಲ್ಲ. ನಡುವೆ ಸೇತುವೆಯ ಕೆಲಸಕ್ಕೆ ರಸ್ತೆ ಅಗೆದಿದ್ದರು, ಅಲ್ಲಿ ಬಸ್ಸು ತೆವಳಲೇಬೇಕು. ಅದರಾಚೆಯ ಕ್ರಾಸಿನಲ್ಲಿ ಕಬ್ಬಿನ ಟ್ರಾಕ್ಟರುಗಳು ಏಳೂ ಮುಕ್ಕಾಲಿಗೆ ರಸ್ತೆಗಿಳಿಯುತ್ತವೆ. ಎರಡೆರಡು ಟ್ರೇಲರು ಎಳೆಯುವ ಅವುಗಳ ಹಿಂದೆ ಒಮ್ಮೆ ಸಿಕ್ಕರೆ ಜೇವರ್ಗಿಯವರೆಗೆ ಕಬ್ಬಿನ ಸೋಗೆ ಎಣಿಸುತ್ತ ಹೋಗಬೇಕು, ಅಷ್ಟೇ.

ಕಂಡಕ್ಟರ್ ಹರಿ ಹತ್ತಿರ ಬಂದು ದನಿ ತಗ್ಗಿಸಿದ. ಚೌಡಾಪುರದ ಕಡೆಯವನು, ಮೆತ್ತಗಿನ ಮನುಷ್ಯ. ಡಬ್ಬಿ ಕೆಟ್ಟಿತ್ತು ಎಂದು ಬರೆದುಬಿಡಲೇ ಎಂದು ಕೇಳಿದ. ಬಸ್ಸಿನಲ್ಲಿದ್ದವರೂ ಒಬ್ಬೊಬ್ಬರೇ ಬಾಯಿಬಿಟ್ಟರು. ಬಾಣಂತಿ ಮಗಳು, ಮೊದಲ ಕೂಸು, ನಮ್ಮದೇನೂ ತಕರಾರಿಲ್ಲ, ನಿಲ್ಲಿಸಿ ಅಂದರು. ನಿಜವಾಗಿಯೂ ಮನಸ್ಸಿನಿಂದಲೇ ಅಂದರು. ನಿನ್ನೆಯವರೆಗೆ ಅವನನ್ನು ಬೈದವರೇ ಇವತ್ತು ಅವನ ಪರವಾಗಿದ್ದರು, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಹಳೆಯ ಬಸ್ಸೂ ಹೀಗೆಯೇ, ಎಲ್ಲರ ಒಪ್ಪಿಗೆಯಿಂದಲೇ ಸತ್ತಿತ್ತು.

ಅವನು ಕನ್ನಡಿಯಲ್ಲಿ ನೋಡಿದ. ಜೀನತ ಒಬ್ಬಳೇ ಏನೂ ಅಂದಿರಲಿಲ್ಲ. ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಕೈಯಲ್ಲಿ ಗಡಿಯಾರವಿತ್ತು, ಅದನ್ನು ನೋಡಿಕೊಳ್ಳಬಾರದೆಂದು ಅವಳು ಎಷ್ಟು ಕಷ್ಟಪಡುತ್ತಿದ್ದಾಳೆಂದು ಅವನಿಗೆ ಕಂಡಿತು.

“ಹರಿ, ಸೀಟಿ ಹೊಡಿ,” ಅಂದ.

ಹರಿ ಅವನ ಮುಖವನ್ನೊಮ್ಮೆ ನೋಡಿ ಸೀಟಿ ಹೊಡೆದ. ಏಳೂ ಇಪ್ಪತ್ತು.

ಬಸ್ಸು ಬಿಳಿ ಪಟ್ಟಿ ದಾಟಿ ಹತ್ತು ಮಾರು ಹೋಗಿರಬಹುದು, ಪಕ್ಕದ ಕನ್ನಡಿಯಲ್ಲಿ ಓಣಿಯ ಬಾಯಿಂದ ಹೆಂಗಸರು ಹೊರಬಿದ್ದರು. ಮುಂದೆ ಸಪ್ನಾ. ತುಂಬಿದ ಉಡಿಯ ಗಂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೂಸನ್ನು ಅವಚಿಕೊಂಡು ಆದಷ್ಟು ಬೇಗ ಬರುತ್ತಿದ್ದಳು. ಹಿಂದೆ ಗಂಗಾಬಾಯಿ, ಬಗಲಲ್ಲಿ ಚೀಲ. ಅವರಲ್ಲಿ ಯಾರೂ ಕೂಗಲಿಲ್ಲ. ಸಪ್ನಾ ಕೂಸನ್ನು ಅವ್ವನ ಕೈಗೆ ಕೊಟ್ಟು ಸುಮ್ಮನೆ ಕೈ ಎತ್ತಿದಳು. ಅಪ್ಪನ ಬಸ್ಸು, ಕೈ ಮಾಡಿದರೆ ನಿಲ್ಲುತ್ತದೆ ಎಂಬುದರಲ್ಲಿ ಆ ಕೈಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಹನ್ನೊಂದು ವರ್ಷ ಕೈ ಕಂಡ ಕೂಡಲೇ ಬ್ರೇಕಿಗೆ ಹೋದ ಕಾಲು, ಇವತ್ತೂ ತಾನಾಗಿಯೇ ಹೋಯಿತು. ಬಸ್ಸು ಒಂದು ಸಲ ಜಗ್ಗಿತು. ದೌಲತರಾಯ ಆ ಕಾಲನ್ನು ಎಳೆದು ತೆಗೆದು ಗೇರು ಬದಲಾಯಿಸಿದ. ಕನ್ನಡಿಯಲ್ಲಿ ಆ ಕೈ ಎತ್ತಿದ್ದು ಎತ್ತಿದಂತೆಯೇ ಇತ್ತು, ತಿರುವು ಬಂದ ಮೇಲೆ ಕಾಣಲಿಲ್ಲ. ಅವನಿಗೆ ಅಳು ಬಂತು. ಅಳುತ್ತ ಬಸ್ಸು ಓಡಿಸುವುದು ಸರಿಯಲ್ಲವೆಂದು ನುಂಗಿಕೊಂಡ.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಮುಂದಿನ ಎರಡು ನಿಲ್ದಾಣಗಳಲ್ಲಿ ಹತ್ತಿದವರು, ಒಳಗೆ ಯಾರೋ ತೀರಿಕೊಂಡವರ ಮನೆಯ ಜನ ಇದ್ದಾರೇನೋ ಎಂದುಕೊಂಡು ತಾವೂ ಸುಮ್ಮನಾದರು. ಅಗೆದ ರಸ್ತೆಯಲ್ಲಿ ಬಸ್ಸು ಎಡಕ್ಕೂ ಬಲಕ್ಕೂ ವಾಲಾಡುತ್ತ ಏಳು ನಿಮಿಷ ತಿಂದಿತು. ಕ್ರಾಸು ಬಂದಾಗ ಏಳೂ ನಲವತ್ನಾಲ್ಕು, ಮೊದಲ ಟ್ರಾಕ್ಟರಿನ ಮೂತಿ ಆಗಲೇ ರಸ್ತೆಗೆ ಬಂದಿತ್ತು. ದೌಲತರಾಯ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಟ್ರಾಕ್ಟರಿನವನು ಒಂದು ಕ್ಷಣ ಯೋಚಿಸಿ ನಿಂತ, ಬಸ್ಸು ಆ ಮೂತಿಯನ್ನು ಒಂದು ಗೇಣು ಅಂತರದಲ್ಲಿ ಬಿಟ್ಟು ದಾಟಿತು. ಒಂದೇ ಒಂದು ನಿಮಿಷ ನಿಂತು ಬಂದಿದ್ದರೆ ಆ ಸಾಲಿನ ಹಿಂದೆ ಇರುತ್ತಿದ್ದೆ ಎಂದು ಅವನಿಗೆ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಎಂಟೂ ಒಂಬತ್ತಕ್ಕೆ ಬಸ್ಸು ಜೇವರ್ಗಿಯಲ್ಲಿ ನಿಂತಿತು. ಜನ ಇಳಿದು ಕಲಬುರಗಿಯ ಬಸ್ಸಿಗೆ ಓಡಿದರು. ಜೀನತ ಇಳಿಯುವಾಗ ಅವನ ಸೀಟಿನ ಹತ್ತಿರ ಗಳಿಗೆ ನಿಂತಳು, ಆಮೇಲೆ ಇಳಿದು ಆ ಬಸ್ಸಿನ ಕಡೆ ಹೋದಳು.

ಅರುಣಕುಮಾರ ಬಂದು ಬಸ್ಸಿನೊಳಗೆ ಇಣುಕಿ ಹೆಂಡತಿ ಮಗುವನ್ನು ಹುಡುಕಿದ. ಅವರನ್ನು ಬಿಟ್ಟು ಬಂದೆನೆಂದು ದೌಲತರಾಯ ನೇರವಾಗಿ ಹೇಳಿದ. ಮಾವ ಚೇಷ್ಟೆ ಮಾಡುತ್ತಿದ್ದಾನೆಂದು ಅಳಿಯ ಮೊದಲು ನಕ್ಕ, ಆಮೇಲೆ ನಗು ನಿಂತಿತು. ಅಷ್ಟರಲ್ಲಿ ಅವನಿಗೆ ಸಪ್ನಾಳ ಫೋನು ಬಂತು. ಉಡಿ ತುಂಬಿಸಿಕೊಂಡವಳು ಮನೆಗೆ ಮರಳುವಂತಿಲ್ಲ, ಟಂಟಂಗಳು ಹತ್ತು ಗಂಟೆಗೆ ಮುಂಚೆ ತುಂಬುವುದಿಲ್ಲ. ಉಸ್ಮಾನಸಾಬ ಖಾಲಿ ಗಾಡಿಯಲ್ಲೇ ಅವಳನ್ನು ಕೂರಿಸಿಕೊಂಡು, ಹೊಲದ ದಾರಿಯಿಂದ ಟ್ರಾಕ್ಟರುಗಳನ್ನು ತಪ್ಪಿಸಿ ಬರುತ್ತಿದ್ದ. ಇನ್ನು ಐದು ನಿಮಿಷದ ದಾರಿ. ಆಗ ಎಂಟೂ ಹದಿನೆಂಟು.

“ಮಾವಾರ, ಆ ಡ್ರೈವರ ನಿಮ್ಮ ದೋಸ್ತ ಇದ್ದಾನ. ಮೂರು ಮಿನಿಟು ನಿಲ್ಲಸಲಿಕ್ಕ ಹೇಳ್ರಿ,” ಅಂದ ಅರುಣಕುಮಾರ.

ದೌಲತರಾಯ ಕಲಬುರಗಿ ಬಸ್ಸಿನ ಕಿಟಕಿಯವರೆಗೆ ಹೋದ. ಡ್ರೈವರ್ ಅವನ ಜತೆಗೇ ನೌಕರಿಗೆ ಸೇರಿದವನು, ಕೇಳಿದ್ದರೆ ಹತ್ತು ನಿಮಿಷ ನಿಲ್ಲುತ್ತಿದ್ದ. ಎರಡನೆಯ ಕಿಟಕಿಯಲ್ಲಿ ಜೀನತ ಕೂತಿದ್ದಳು. ಬಾಯಿಯ ತುದಿಗೆ ಬಂದ ಮಾತನ್ನು ಹಿಡಿದುಕೊಂಡು ಅವನು, ಚಹಾ ಆಯ್ತೇನೋ ಎಂದು ಸ್ನೇಹಿತನನ್ನು ಕೇಳಿದ, ಬಾಗಿಲು ತಟ್ಟಿ ಹಿಂದೆ ಸರಿದ. ಎಂಟೂ ಇಪ್ಪತ್ತಕ್ಕೆ ಬಸ್ಸು ಹೋಯಿತು. ಅಳಿಯ ಅವನ ಕಡೆಗೆ ಬೆನ್ನು ತಿರುಗಿಸಿ ನಿಂತ.

ಎಂಟೂ ಇಪ್ಪತ್ನಾಲ್ಕಕ್ಕೆ ಟಂಟಂ ಬಂತು. ಉಸ್ಮಾನಸಾಬ ಇಳಿದು, ಹೆಗಲ ಮೇಲಿನ ರುಮಾಲಿನಿಂದ ಮುಖ ಒರೆಸಿಕೊಂಡ.

“ಅಣ್ಣಾ, ನೀ ಇವತ್ತು ನಿಂತಿದ್ದರ ನಾಳಿಂದ ನನ್ನ ಗಾಡಿ ತುಂಬತಿತ್ತು,” ಅಂದ. “ಮುಂಜಾನಿಂದ ನಾನೂ ಅದನ್ನ ನೋಡ್ಕೋತ ಕುಂತಿದ್ದೆ. ಕೂಸು ಅಳಾಕತ್ತಿತು, ನೋಡಲಿಕ್ಕ ಆಗಲಿಲ್ಲ.”

ಸಪ್ನಾ ಇಳಿದಳು. ಅತ್ತು ಕಣ್ಣು ಕೆಂಪಾಗಿದ್ದವು, ಉಡಿಯ ಅಕ್ಕಿ ಒಂದಿಷ್ಟು ಸೆರಗಿನಿಂದ ಸೋರಿ ಟಂಟಂನ ಸೀಟಿನ ಮೇಲೆ ಬಿದ್ದಿತ್ತು. ಗಂಡ ಮುಂದೆ ಬಂದರೂ ಅವಳು ಅಪ್ಪನ ಎದುರೇ ಬಂದು ನಿಂತಳು.

“ನಾ ಕೈ ಮಾಡಿದ್ದು ನಿನಗ ಕಾಣಸಲಿಲ್ಲೇನು ಅಪ್ಪಾ?”

ಕಾಣಲಿಲ್ಲವೆಂದು ಹೇಳಬಹುದಿತ್ತು. ಕನ್ನಡಿಗೆ ಧೂಳು ಹಿಡಿದಿತ್ತೆಂದರೆ ಅವಳು ನಂಬುತ್ತಿದ್ದಳು, ನಂಬಬೇಕೆಂದೇ ಕೇಳಿದ್ದಳು.

“ಕಾಣಿಸ್ತವ್ವಾ,” ಅಂದ ದೌಲತರಾಯ.

ಅವಳು ಕೂಸನ್ನು ಅವನ ಕೈಗೆ ಕೊಟ್ಟು, ಸಡಿಲವಾದ ಉಡಿಯನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಕಟ್ಟಿಕೊಂಡಳು. ಅಷ್ಟು ಹೊತ್ತು ಕೂಸು ಅವನ ಖಾಕಿ ಅಂಗಿಯ ಗುಂಡಿಯನ್ನು ಹಿಡಿದು ಎಳೆಯುತ್ತಿತ್ತು. ಮುಂದಿನ ಬಸ್ಸಿಗೆ ಅವರು ಹೋದರು. ಕಿಟಕಿಯಿಂದ ಅವಳು ತಿರುಗಿ ನೋಡಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ಅಷ್ಟೊತ್ತಿಗೆ ಅವನ ಮರಳುವ ಟ್ರಿಪ್ಪಿನ ಹೊತ್ತಾಗಿತ್ತು.

ಮಧ್ಯಾಹ್ನ ಮನೀಷಾ ಫೋನು ಮಾಡಿ, ಬಸ್ಸು ಉಳಿಯಿತು, ಡಿಪೊದವರು ಒಪ್ಪಿದರು ಅಂದಳು. ಅವಳ ದನಿಯಲ್ಲಿ ಕುಣಿತವಿತ್ತು. ಅವನು ಛಲೋ ಆತ್ರಿ ಎಂದು ಫೋನಿಟ್ಟ. ಖುಷಿ ಬರುತ್ತದೆಂದು ಸ್ವಲ್ಪ ಹೊತ್ತು ಕಾದ, ಬರಲಿಲ್ಲ.

ಸಂಜೆ ಮನೆಯಲ್ಲಿ ಗಂಗಾಬಾಯಿ ತಾಟಿಗೆ ಬಡಿಸಿ ಒಳಗೆ ಹೋದಳು. ಜಗಳ ತೆಗೆಯಲಿ ಎಂದು ಅವನು ಎರಡು ಸಲ ಕೆಮ್ಮಿದ. ಖಾಲಿಯಾದ ತೊಟ್ಟಿಲು ಜಂತಿಯಿಂದ ತೂಗುತ್ತಿತ್ತು, ಅದನ್ನು ಇಬ್ಬರೂ ಬಿಚ್ಚಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವನು ಕಟ್ಟೆಯ ಕಡೆ ತಿರುಗಿದಾಗ, ಕಂಬದ ಸುತ್ತ ಜನ ನೆರೆದಿದ್ದರು. ಏನಾಯಿತೋ ಎಂದು ಹೆಜ್ಜೆ ಬಿರುಸು ಮಾಡಿದ. ಏನೂ ಆಗಿರಲಿಲ್ಲ, ಬಸ್ಸಿಗೆ ಹೋಗುವವರು ಬಂದು ನಿಂತಿದ್ದರು, ಅಷ್ಟೇ. ಒಂದು ಕಿಟಕಿಯಲ್ಲೂ ಟವೆಲ್ಲು ಇರಲಿಲ್ಲ. ಗುರಮ್ಮಾಯಿ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಕಟ್ಟೆಯ ಮೇಲೆ ಎಲ್ಲರಿಗಿಂತ ಮುಂದೆ ಕೂತಿದ್ದಳು. ತನ್ನ ಮಗಳಿಗೇ ನಿಲ್ಲದವನ ಹತ್ತಿರ ನಿಲ್ಲು ಎಂದು ಕೇಳುವ ಬಾಯಿ ಊರಲ್ಲಿ ಯಾರಿಗೂ ಉಳಿದಿರಲಿಲ್ಲ.

ಕಂಬದ ಪಕ್ಕ ಗಂಗಾಬಾಯಿ ನಿಂತಿದ್ದಳು. ಕೈಯಲ್ಲಿ ಬುತ್ತಿಯ ಗಂಟು. ಯಾವಾಗ ಎದ್ದು ರೊಟ್ಟಿ ಬಡಿದಳೋ, ಯಾವಾಗ ಬಂದಳೋ ಅವನಿಗೆ ಗೊತ್ತಾಗಿರಲಿಲ್ಲ. ಅವಳು ಅವನ ಮುಖ ನೋಡದೆ ಗಂಟನ್ನು ಮುಂದೆ ಹಿಡಿದಳು.

“ತಗೋರಿ,” ಅಂದಳು. “ಮಗಳಿಗೆ ನಿಲ್ಲದ ಬಸ್ಸು ರೊಟ್ಟಿಗೆ ನಿಲ್ತದೇನು.”

ದೌಲತರಾಯ ಎರಡೂ ಕೈಯಿಂದ ಅದನ್ನು ತೆಗೆದುಕೊಂಡ. ರೊಟ್ಟಿ ಇನ್ನೂ ಬಿಸಿಯಿದ್ದವು. ಏಳೂ ಇಪ್ಪತ್ತಕ್ಕೆ ಹರಿ ಸೀಟಿ ಹೊಡೆದ.